ಚೌಕಿಯಿಲ್ಲದ ನಾಯಕರು

2025ನೆಯ ಇಸವಿಯ ಜನವರಿ ತಿಂಗಳ ಕೊನೆಯ ಆದಿತ್ಯವಾರ. ಪುಷ್ಯಮಾಸದ ಚಳಿ. ನಾನು ಎಂದಿನಂತೆ ಬೇಗನೆ ಊಟ ಮುಗಿಸಿ ಕಂಬಳಿ ಹೊದ್ದು ಮಲಗಿದ್ದೆ. ಮೊದಲ ನಿದ್ರೆ ಕಳೆಯುವಷ್ಟರಲ್ಲಿ ನಡುಮನೆಯಿಂದ ದೊಡ್ಡದೊಂದು ಕೋಲಾಹಲವೆದ್ದಿತು. ಕಳ್ಳರು ಬಂದರೋ, ಹಾವು ಬಂದಿತೋ ಎಂದು ಗಾಬರಿಯಿಂದ ಎದ್ದು ಕುಳಿತೆ. ಅಷ್ಟರಲ್ಲಿ ಮೊಮ್ಮಗನು ಬಾಗಿಲನ್ನು ದೂಡಿಕೊಂಡು ಬಂದು, “ಅಜ್ಜಾ, ಹನುಮಂತ ಗೆದ್ದ!” ಎಂದು ಕೂಗಿದನು. ನಿದ್ದೆಗಣ್ಣಿನಲ್ಲಿದ್ದ ನಾನು, “ಯಾರ ಮೇಲೋ? ಅಕ್ಷಕುಮಾರನ ಮೇಲೆಯೋ?” ಎಂದು ಕೇಳಿದೆನಂತೆ. ನನಗೆ ಅದು ನೆನಪಿಲ್ಲ. ಆದರೆ ಮನೆಯವರು ಇಂದಿಗೂ ಬಂದ ನೆಂಟರಿಗೆಲ್ಲ ಅದನ್ನು ಹೇಳಿ ನಗಿಸುವುದುಂಟು.

ಬೆಳಗಾದ ಮೇಲೆ ವಿಷಯ ತಿಳಿಯಿತು. ‘ಬಿಗ್ ಬಾಸ್’ ಎಂಬ ಟೀವಿಯ ಸ್ಪರ್ಧೆಯ ಹನ್ನೊಂದನೆಯ ಆವೃತ್ತಿಯಲ್ಲಿ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ಎಂಬ ತರುಣರು ಗೆದ್ದು 50 ಲಕ್ಷ ರೂಪಾಯಿ ಬಹುಮಾನ ಪಡೆದಿದ್ದರು. ಹಿಂದೆ ಕುರಿ ಕಾಯುತ್ತ ಹಾಡಿಕೊಂಡಿದ್ದ ಇವರು 2018ರಲ್ಲಿ ‘ಸರಿಗಮಪ’ ಎಂಬ ಹಾಡಿನ ಸ್ಪರ್ಧೆಗೆ ಬಂದು ನಾಡಿಗೆಲ್ಲ ಪರಿಚಿತರಾದವರು. ನಮ್ಮ ಮನೆಯ ಹುಡುಗರು ಇವರಿಗೆ ದಿನವೂ ಮೊಬೈಲಿನಲ್ಲಿ ವೋಟು ಹಾಕಿದ್ದರೆಂಬುದೂ ಆಗಲೇ ನನಗೆ ಗೊತ್ತಾದುದು.

ಮೊಮ್ಮಗನು ಹತ್ತನೆಯ ತರಗತಿಯವನು; ತರ್ಕಪ್ರಿಯ. ಕಾಫಿಯ ಹೊತ್ತಿಗೆ ನನ್ನ ಪಕ್ಕದಲ್ಲಿ ಬಂದು ಕುಳಿತು, “ಅಜ್ಜಾ, ನಿಮ್ಮ ಸಂಸ್ಕೃತದ ಪುಸ್ತಕದಲ್ಲಿ ಹೀರೋ ಅಂದರೆ ಯಾರು?” ಎಂದು ಕೇಳಿದನು. ಪಾಠಶಾಲೆಯಲ್ಲಿ ಕಲಿತುದು ಇಂಥ ವೇಳೆಯಲ್ಲಲ್ಲದೆ ಮತ್ತೆ ಯಾವಾಗ ಉಪಯೋಗಕ್ಕೆ ಬರಬೇಕು? ಧನಂಜಯನ ದಶರೂಪಕದಲ್ಲಿ ಹೇಳಿರುವ ನಾಯಕನ ಗುಣಗಳನ್ನು ಒಂದೊಂದಾಗಿ ಹೇಳಿದೆ. ವಿನಯ ಮೊದಲು. ಆ ಮೇಲೆ ಮಾಧುರ್ಯ, ತ್ಯಾಗ, ದಕ್ಷತೆ, ಪ್ರಿಯವಾದ ಮಾತು. ಜನರ ಅನುರಾಗವನ್ನು ಪಡೆದಿರುವಿಕೆ, ಶುಚಿತ್ವ, ವಾಗ್ಮಿತೆ, ಒಳ್ಳೆಯ ವಂಶ, ಸ್ಥೈರ್ಯ, ಯೌವನ ಎಂದು ಮುಂದುವರಿಯುತ್ತದೆ. ಶೌರ್ಯವು ಪಟ್ಟಿಯ ಕೊನೆಯ ಭಾಗದಲ್ಲಿ ಬರುತ್ತದೆ. ಹುಡುಗನು ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಸ್ವಲ್ಪ ಹೊತ್ತು ನೋಡಿ, “ಇಷ್ಟರಲ್ಲಿ ವೋಟು ಹಾಕುವುದು ಯಾವುದಕ್ಕೆ?” ಎಂದನು. ನಾನು ‘ಜನಾನುರಾಗ’ದ ಮೇಲೆ ಬೆರಳಿಟ್ಟೆ. “ಹಾಗಾದರೆ ಉಳಿದವುಗಳನ್ನು ಯಾರು ನೋಡುತ್ತಾರೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಶಾಲೆಗೆ ಹೊರಟುಹೋದನು. ಆ ಪ್ರಶ್ನೆ ನನ್ನಲ್ಲಿಯೇ ಉಳಿಯಿತು. ಈ ಲೇಖನಕ್ಕೆ ಅದೇ ಕಾರಣ. ಇನ್ನೊಂದು ಕಾರಣವೂ ಉಂಟು, ಅದನ್ನು ಮುಂದೆ ನಿವೇದಿಸುವೆನು.

‘ರಿಯಾಲಿಟಿ ಷೋ’ ಎಂಬುದಕ್ಕೆ ಕನ್ನಡದಲ್ಲಿ ನಿಂತ ಮಾತಿಲ್ಲ. ಪದಾರ್ಥವನ್ನು ಹಿಡಿದು ಹೇಳುವುದಾದರೆ ‘ಇರುವುದನ್ನು ಇದ್ದಂತೆ ತೋರಿಸುವ ಆಟ’ ಎನ್ನಬಹುದು. ಆದರೆ ಇದ್ದಂತೆ ಇರುವುದು ಆಟವಾಗುವುದು ಹೇಗೆ, ಆಟವಾದುದು ಇದ್ದಂತೆ ಇರುವುದು ಹೇಗೆ ಎಂಬ ಸಂಶಯ ಆ ಹೆಸರಿನಲ್ಲಿಯೇ ಅಡಗಿದೆ. 1973ರಲ್ಲಿ ಅಮೆರಿಕದ ಟೀವಿಯಲ್ಲಿ ಕ್ಯಾಲಿಫೋರ್ನಿಯದ ಒಂದು ಸಂಸಾರದ ಜೀವನವನ್ನು ಹನ್ನೆರಡು ಕಂತುಗಳಲ್ಲಿ ತೋರಿಸಿದರು. ಕ್ಯಾಮೆರಾದವರು ಏಳು ತಿಂಗಳು ಆ ಮನೆಯವರ ಜತೆಯಲ್ಲಿದ್ದು ಸುಮಾರು 300 ಗಂಟೆಗಳಷ್ಟು ಚಿತ್ರ ತೆಗೆದಿದ್ದರು. ಜನ ನೋಡಿದುದು 12 ಗಂಟೆಗಳನ್ನು ಮಾತ್ರ. ಗಂಡಹೆಂಡಿರ ಸಂಬಂಧ ಮುರಿದುದನ್ನೂ ಆ ದೇಶವೆಲ್ಲ ಕುಳಿತು ನೋಡಿತು. ನಮ್ಮ ಸುಖದ ಗಳಿಗೆಗಳನ್ನು ಬಿಟ್ಟು ಕಷ್ಟದವನ್ನೇ ಆಯ್ದರೆಂದು ಆ ಸಂಸಾರದವರು ಅನಂತರ ದೂರಿದರು. ತೋರಿಸಿದುದರಲ್ಲಿ ಸುಳ್ಳೇನೂ ಇರಲಿಲ್ಲವೆನ್ನೋಣ. ಆದರೂ 300ರಲ್ಲಿ 12ನ್ನು ಆಯ್ದವನ ಕೈಯಲ್ಲಿ ಒಬ್ಬನು ಧೀರೋದಾತ್ತನಾಗುವುದೂ ಇನ್ನೊಬ್ಬನು ಧೂರ್ತನಾಗುವುದೂ ಸಾಧ್ಯವಲ್ಲವೆ?

ಆ ಬೀಜ ಅನೇಕ ರೀತಿಯಲ್ಲಿ ಮೊಳೆಯಿತು. 1999ರಲ್ಲಿ ಹಾಲೆಂಡಿನಲ್ಲಿ ಕೆಲವು ಮಂದಿಯನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಮೂಲೆಮೂಲೆಗೂ ಕ್ಯಾಮೆರಾ ಇಟ್ಟು, ‘ಬಿಗ್ ಬ್ರದರ್’ ಎಂಬ ಆಟವನ್ನು ಪ್ರಾರಂಭಿಸಿದರು. ಈ ಹೆಸರು 1949ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ಲನ ಕಾದಂಬರಿಯಿಂದ ಬಂದುದು. ಅಲ್ಲಿ ಅದು ಪ್ರಜೆಗಳ ಮನೆಯೊಳಗೂ ಕಣ್ಣಿಟ್ಟಿರುವ ಅಧಿಕಾರದ ಹೆಸರು. ಅರ್ಧ ಶತಮಾನದೊಳಗಾಗಿ ಭಯದ ಹೆಸರು ವಿನೋದದ ಹೆಸರಾಯಿತು. ಹಿಂದಿಯಲ್ಲಿ 2006ರಿಂದಲೂ ಕನ್ನಡದಲ್ಲಿ 2013ರಿಂದಲೂ ಅದೇ ಆಟ ‘ಬಿಗ್ ಬಾಸ್’ ಎಂಬ ಹೆಸರಿನಿಂದ ನಡೆಯುತ್ತ ಬಂದಿದೆ. ಇನ್ನೊಂದು ಶಾಖೆ ಪ್ರಶ್ನೋತ್ತರದ್ದು. 1998ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆಟವನ್ನು 2000ದಲ್ಲಿ ಅಮಿತಾಭ್ ಬಚ್ಚನ್ನರು ಹಿಂದಿಯಲ್ಲಿ ನಡೆಸಿದರು. 2012ರಲ್ಲಿ ಪುನೀತ್ ರಾಜಕುಮಾರರು ‘ಕನ್ನಡದ ಕೋಟ್ಯಾಧಿಪತಿ’ಯಾಗಿ ನಮ್ಮ ಮನೆಗಳಿಗೆ ತಂದರು.

ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಆಟವಾಡುವವರು ಸಾಮಾನ್ಯರೋ ಅರೆಪ್ರಸಿದ್ಧರೋ ಆಗಿರಬಹುದು. ಆಡಿಸುವವನು ಮಾತ್ರ ಸಿನಿಮಾದ ನಾಯಕನೇ ಆಗಬೇಕೆಂಬುದು ನಮ್ಮಲ್ಲಿ ಒಂದು ಸಂಪ್ರದಾಯವಾಗಿದೆ. ಇದು ಬರಿಯ ಆಕರ್ಷಣೆಗಾಗಿ ಎಂದು ನಾನು ಮೊದಲು ತಿಳಿದಿದ್ದೆ. ಹಾಗಲ್ಲವೆಂದು ನನಗೆ ಕಲಿಸಿದವಳು ನಮ್ಮ ಆಯಿ.

ಆಯಿ ಓದಿದುದು ನಾಲ್ಕನೆಯ ಇಯತ್ತೆ. 2012ರಲ್ಲಿ ಅವಳಿಗೆ ಎಂಬತ್ತು ದಾಟಿತ್ತು. ಕಣ್ಣು ಮಂದ, ಕಿವಿ ಚುರುಕು. ಪುನೀತರು ಪ್ರಶ್ನೆಯನ್ನು ಓದಿ ನಾಲ್ಕು ಉತ್ತರಗಳನ್ನು ಹೇಳುವ ಮೊದಲೇ ಇವಳ ಉತ್ತರ ಸಿದ್ಧವಾಗಿರುತ್ತಿತ್ತು. ಒಂದು ಸಂಜೆ ಪಾಂಡವರು ಅಜ್ಞಾತವಾಸದಲ್ಲಿ ಇಟ್ಟುಕೊಂಡ ಹೆಸರುಗಳ ಮಾತು ಬಂದಿತು. ಸಂಸ್ಕೃತದ ಪಂಡಿತನೆನಿಸಿಕೊಂಡ ನಾನು ನಕುಲನ ಹೆಸರು ಯಾವುದು, ಸಹದೇವನದು ಯಾವುದು ಎಂದು ಒಂದು ಕ್ಷಣ ತಡವರಿಸಿದೆ. ಆಯಿ ಕವಳ ಜಗಿಯುತ್ತ, “ಮಾಣಿ, ತಂತ್ರಿಪಾಲ ಸಹದೇವ. ಇಷ್ಟು ವರ್ಷ ಆಟ ನೋಡಿ ಏನು ಬಂತು ನಿನಗೆ?” ಎಂದಳು. ಐವತ್ತು ದಾಟಿದ ಮಾಣಿ ಸುಮ್ಮನಾದನು.

ಸೋತು ಎದ್ದವರ ಹೆಗಲ ಮೇಲೆ ಪುನೀತರು ಕೈಯಿಟ್ಟು ಮಾತನಾಡಿಸಿ ಕಳುಹಿಸುವುದನ್ನು ಅವಳು ಬಹಳ ಮೆಚ್ಚಿಕೊಂಡಿದ್ದಳು. “ಅಷ್ಟು ಹಣ ನಿಜವಾಗಿ ಕೊಡುತ್ತಾರೆಯೇ, ಆಯಿ?” ಎಂದು ನಾನು ಚೇಷ್ಟೆಗೆ ಕೇಳಿದರೆ, “ರಾಜಕುಮಾರನ ಮಗ ಕೂತಿದ್ದಾನೆ. ಅವನೆದುರು ಮೋಸ ನಡೆಯುವುದಿಲ್ಲ” ಎನ್ನುವಳು. ಅವಳು ರಾಜಕುಮಾರರನ್ನು ಒಮ್ಮೆಯೂ ಕಣ್ಣಾರೆ ಕಂಡವಳಲ್ಲ. ಆದರೆ ತೆರೆಯ ಮೇಲೆ ಕುಡಿಯದೆ, ಸೇದದೆ, ನೋಡುವವರಿಗೆ ಕೆಟ್ಟ ಮೇಲ್ಪಂಕ್ತಿಯಾಗಬಾರದೆಂದು ನಡೆದುಕೊಂಡ ಆ ನಟರ ಸಾಧುತ್ವವನ್ನು ಒಂದು ಆಸ್ತಿಯಂತೆ ಮಗನ ಹೆಸರಿಗೆ ಬರೆದಿದ್ದಳು. ನ್ಯಾಯಶಾಸ್ತ್ರದಲ್ಲಿ ಆಪ್ತವಾಕ್ಯವೆಂಬ ಪ್ರಮಾಣವೊಂದುಂಟು. ನಂಬತಕ್ಕವನು ಹೇಳಿದನೆಂಬುದೇ ಆ ಮಾತಿನ ಸತ್ಯಕ್ಕೆ ಸಾಕ್ಷಿ. ಸಿನಿಮಾದ ನಾಯಕನು ಈ ಆಟಗಳಲ್ಲಿ ವಹಿಸುವ ಮುಖ್ಯ ಪಾತ್ರ ಇದೇ. ಅವನು ಅಲ್ಲಿ ಆಪ್ತನಾಗಿ ಕುಳಿತಿರುತ್ತಾನೆ. ಉಳಿದುದನ್ನೆಲ್ಲ ನಾವು ಅವನ ಮುಖ ನೋಡಿ ನಂಬುತ್ತೇವೆ. ಆಯಿ 2015ರಲ್ಲಿ ತೀರಿಕೊಂಡಳು. 2021ರ ಅಕ್ಟೋಬರ್ 29ರಂದು ಪುನೀತರು ನಲವತ್ತಾರನೆಯ ವಯಸ್ಸಿನಲ್ಲಿ ಹೋದ ಸುದ್ದಿ ಬಂದಾಗ, ಅದನ್ನು ಕೇಳಲು ಅವಳಿಲ್ಲದುದೇ ಒಳ್ಳೆಯದಾಯಿತೆಂದು ನನಗನ್ನಿಸಿತು. ತಂದೆಯಂತೆ ಮಗನ ಕಣ್ಣುಗಳೂ ದಾನವಾದುವೆಂದು ಕೇಳಿ, ಆಯಿಯ ಲೆಕ್ಕ ತಪ್ಪಿರಲಿಲ್ಲವೆಂದುಕೊಂಡೆ.

ಇನ್ನು ಎರಡನೆಯ ಕಾರಣವನ್ನು ಹೇಳಬೇಕು. ಹೇಳಲು ಸಂಕೋಚವಾಗುತ್ತದೆ; ಆದರೂ ಹೇಳದೆ ಈ ಬರಹಕ್ಕೆ ಅರ್ಥವಿಲ್ಲ.

ನನ್ನ ತಂಗಿಯ ಮಗಳಿಗೊಬ್ಬಳು ಮಗಳಿದ್ದಾಳೆ. ಒಳ್ಳೆಯ ಕಂಠ. ದಾಸರ ಪದಗಳನ್ನು ನಾನೇ ಕೂರಿಸಿಕೊಂಡು ಉಚ್ಚಾರ ತಿದ್ದಿ ಹೇಳಿಕೊಟ್ಟಿದ್ದೆ. 2022ರಲ್ಲಿ, ಅವಳಿಗೆ ಹತ್ತು ವರ್ಷವಾಗಿದ್ದಾಗ, ಮಕ್ಕಳ ಹಾಡಿನ ಸ್ಪರ್ಧೆಯೊಂದಕ್ಕೆ ಆಯ್ಕೆಯಾದಳು. ಯಾವ ಚಾನೆಲ್ಲೆಂಬುದು ಇಲ್ಲಿ ಬೇಕಿಲ್ಲ. ಹಾಡುವ ಮೊದಲು ಮಗುವಿನ ಮನೆಯನ್ನು ತೋರಿಸುವ ಪದ್ಧತಿಯಂತೆ. ಅದಕ್ಕಾಗಿ ಮೂರು ಜನ ಕ್ಯಾಮೆರಾ ಹಿಡಿದು ಊರಿಗೆ ಬಂದರು. ಮನೆಯನ್ನು ನೋಡಿ ಅವರಿಗೆ ನಿರಾಶೆಯಾಯಿತು. ಹಂಚಿನ ಮನೆ, ಗ್ಯಾಸಿನ ಒಲೆ, ಎರಡು ಎಕರೆ ಅಡಿಕೆ ತೋಟ. ತಂದೆ ಸಹಕಾರಿ ಸಂಘದಲ್ಲಿ ಗುಮಾಸ್ತೆ. ಆ ವರ್ಷ ಕೊಳೆರೋಗದಿಂದ ಬೆಳೆ ನೆಲಕ್ಕುದುರಿ ಕೈಸಾಲವಾಗಿದ್ದುದು ನಿಜ. ಆದರೆ ಅಂಥ ಸಾಲ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಆದುದರಿಂದ ಅವರು ತಾಯಿಯನ್ನು ಬಚ್ಚಲುಮನೆಗೆ ಕರೆದುಕೊಂಡು ಹೋಗಿ, ಸ್ನಾನದ ನೀರು ಕಾಯಿಸುವ ಒಲೆಯ ಮೇಲೆ ಅನ್ನದ ಪಾತ್ರೆ ಇಡಿಸಿ ಊದಲು ಹೇಳಿದರು. ತಂದೆಯನ್ನು ನೆರೆಯವರ ತೋಟದಲ್ಲಿ ನಿಲ್ಲಿಸಿ ತಲೆಯ ಮೇಲೆ ಅಡಿಕೆಗೊನೆ ಹೊರಿಸಿದರು. ಮಗುವಿಗೆ, “ಅಪ್ಪ ಕೂಲಿ ಮಾಡುತ್ತಾರೆ, ಹಾಡಿ ಗೆದ್ದು ಸಾಲ ತೀರಿಸಬೇಕು” ಎಂದು ಹೇಳಲು ಕಲಿಸಿದರು.

ಮಧ್ಯಾಹ್ನದ ವಿರಾಮದಲ್ಲಿ ತಂಗಿಯ ಮಗಳು ನನಗೆ ಫೋನು ಮಾಡಿದಳು. “ಮಾವಾ, ಇದ್ದದ್ದನ್ನು ಇಲ್ಲ ಅನ್ನಿಸುತ್ತಿದ್ದಾರೆ. ಬೇಡವೆಂದರೆ ಮಗುವಿಗೆ ಅವಕಾಶ ತಪ್ಪುತ್ತದೆ. ಏನು ಮಾಡಲಿ?” ಎಂದಳು. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿದವನು ಆ ಕ್ಷಣದಲ್ಲಿ ಹೇಳಬೇಕಾಗಿದ್ದುದು ಒಂದೇ ಮಾತು. ನಾನು ಅದನ್ನು ಹೇಳಲಿಲ್ಲ. ನನ್ನ ಶಿಷ್ಯೆ ಟೀವಿಯಲ್ಲಿ ಹಾಡುವಳೆಂಬ ಆಸೆ ನನಗೂ ಇತ್ತು. “ನಾಟಕದಲ್ಲಿ ಹರಿಶ್ಚಂದ್ರನ ವೇಷ ಹಾಕಿದವನು ಸ್ಮಶಾನ ಕಾಯುವುದಿಲ್ಲವೇ? ಇದೂ ಒಂದು ವೇಷವೆಂದು ತಿಳಿದುಕೊಳ್ಳಿ” ಎಂದುಬಿಟ್ಟೆ. ಸತ್ಯಕ್ಕಾಗಿ ಸರ್ವಸ್ವವನ್ನೂ ಕಳೆದುಕೊಂಡವನ ಹೆಸರನ್ನೇ ಸುಳ್ಳಿನ ಸಹಾಯಕ್ಕೆ ಕರೆದೆನೆಂಬುದು ಆಗ ನನಗೆ ಹೊಳೆಯಲಿಲ್ಲ.

ಮಗು ಚೆನ್ನಾಗಿ ಹಾಡಿದಳು. ತೀರ್ಪುಗಾರರ ಆಸನದಲ್ಲಿದ್ದ ಪ್ರಸಿದ್ಧರು ತಮಗೆ ತೋರಿಸಿದ ಚಿತ್ರವನ್ನು ನಂಬಿ ಕಣ್ಣೊರಸಿಕೊಂಡರು. ಆಪ್ತರೂ ವಂಚಿತರಾದರು, ಅವರನ್ನು ನಂಬಿದ ನಾಡೂ ವಂಚಿತವಾಯಿತು. ಮೂರನೆಯ ವಾರ ಮಗು ಸ್ಪರ್ಧೆಯಿಂದ ಹೊರಬಿದ್ದು ಊರಿಗೆ ಹಿಂದಿರುಗಿದಳು. ಸೋಲಿಗೆ ಅವಳು ಅಷ್ಟಾಗಿ ಅಳಲಿಲ್ಲ. ಆದರೆ ಶಾಲೆಯಲ್ಲಿ ಮಕ್ಕಳು, “ನಿಮ್ಮಪ್ಪ ಯಾರ ಮನೆಗೆ ಕೂಲಿಗೆ ಹೋಗುತ್ತಾರೆ?” ಎಂದು ಕೇಳಿದರು. ಸಂಘದ ಕಛೇರಿಯಲ್ಲಿ ತಂದೆಯನ್ನು ಹಾಸ್ಯ ಮಾಡಿದರು. ಇವುಗಳನ್ನೂ ಸಹಿಸಬಹುದಾಗಿತ್ತು. ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬಳು ಅಂಗಳದಲ್ಲಿ ಅಡಿಕೆ ಸುಲಿಯುತ್ತ, ಸಿಟ್ಟಿಲ್ಲದೆ, ನಿಧಾನವಾಗಿ, “ಅಮ್ಮಾ, ನಮ್ಮ ಬಡತನವೂ ನಿಮಗೇ ಬೇಕಾಯಿತೇ?” ಎಂದಳಂತೆ. ಅದನ್ನು ಕೇಳಿದ ಮೇಲೆ ಎರಡು ದಿನ ಆ ಮನೆಯಲ್ಲಿ ಯಾರಿಗೂ ಊಟ ಸರಿಯಾಗಿ ಇಳಿಯಲಿಲ್ಲ.

ಅನಂತರ ಅಂಚೆಯಲ್ಲೊಂದು ಕಟ್ಟು ಬಂದಿತು. ಟೀವಿಯಲ್ಲಿ ಊರಿನ ಹೆಸರು ಹೇಳಿದ್ದರು. ನಮ್ಮಂಥ ಊರಿಗೆ ಅಷ್ಟು ವಿಳಾಸ ಸಾಕು. ಬಿಚ್ಚಿ ನೋಡಿದರೆ ಲಂಗ ರವಿಕೆಗಾಗುವ ಹೂವಿನ ಬಟ್ಟೆ, ಅದರ ಮಡಿಕೆಯಲ್ಲಿ 500 ರೂಪಾಯಿಯ ಒಂದು ನೋಟು, ಒಂದು ಕಾಗದ. ಬರೆದವರು ಬಯಲುಸೀಮೆಯ ಊರೊಂದರ ವೃದ್ಧೆ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗುವಿಗೆ ದಿನವೂ ಹಾಲು ಕುಡಿಸಬೇಕು, ಹಾಡುವವರ ಎದೆಗೆ ಬಲ ಬೇಕು ಎಂದು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಮಗು ಅದನ್ನು ತಾನೇ ಓದಿದಳು. ಆ ದಿನದಿಂದ ಅವಳು ಹಾಡುವುದನ್ನು ನಿಲ್ಲಿಸಿದಳು. ದೇವರ ಮುಂದೆ ಒಂದು ಪದ ಹೇಳೆಂದರೂ ಬಾಯಿ ತೆರೆಯಲಿಲ್ಲ.

ವೇಷವೆಂದು ತಿಳಿದುಕೊಳ್ಳಿ ಎಂದು ಹೇಳಿದವನು ನಾನು. ನನ್ನ ಮಾತಿನಲ್ಲಿ ತಪ್ಪಿದುದು ಎಲ್ಲಿ ಎಂದು ಅನೇಕ ರಾತ್ರಿ ಯೋಚಿಸಿದೆ. ಉತ್ತರ ನನಗೆ ದೊರೆತುದು ಯಕ್ಷಗಾನದ ಚೌಕಿಯಲ್ಲಿ.

ನಮ್ಮ ಉತ್ತರ ಕನ್ನಡದವರಿಗೆ ಚೌಕಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ರಂಗದ ಹಿಂದೆ ವೇಷ ಕಟ್ಟುವ ಸ್ಥಳ. ಅಲ್ಲಿ ಗಣಪತಿಯನ್ನಿಟ್ಟು ದೀಪ ಹಚ್ಚಿರುತ್ತಾರೆ. ಕಲಾವಿದನು ಮನುಷ್ಯನಾಗಿ ಅಲ್ಲಿಗೆ ಹೋಗಿ ಕೀಚಕನಾಗಿ ಹೊರಬರುತ್ತಾನೆ. ಬೆಳಗಿನ ಜಾವ ಕೀಚಕನಾಗಿ ಒಳಹೋಗಿ ಮನುಷ್ಯನಾಗಿ ಹೊರಬರುತ್ತಾನೆ. 2017ರಲ್ಲಿ ನಮ್ಮನ್ನಗಲಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನಾನು ಹುಡುಗನಾಗಿದ್ದಾಗಿನಿಂದ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಸೈರಂಧ್ರಿಯನ್ನು ಕಂಡು ಆ ಕಣ್ಣು, ಆ ಹುಬ್ಬು, ಆ ಹೆಜ್ಜೆಗಳಲ್ಲಿ ಮದವು ಏರುವುದನ್ನು ನೋಡಿ ನಾವು ನಡುಗುತ್ತಿದ್ದೆವು. ಭೀಮನ ಕೈಯಲ್ಲಿ ಅವನು ಸತ್ತಾಗ ಹಿಗ್ಗುತ್ತಿದ್ದೆವು. ಮರುದಿನ ಪೇಟೆಯಲ್ಲಿ ಅವರು ಕಂಡರೆ ಯಾರಾದರೂ ಹೆಂಗಸರ ಪರವಾಗಿ ಜಗಳಕ್ಕೆ ಹೋದುದುಂಟೇ? ಕೈ ಮುಗಿದು ಚಹಕ್ಕೆ ಕರೆಯುತ್ತಿದ್ದರು. ಕೆಟ್ಟವನ ವೇಷವನ್ನು ಅಷ್ಟು ಚೆನ್ನಾಗಿ ಮಾಡಿದುದಕ್ಕಾಗಿ ದೇಶ ಅವರಿಗೆ 2012ರಲ್ಲಿ ಪದ್ಮಶ್ರೀಯನ್ನು ಕೊಟ್ಟಿತು. ಕೆಟ್ಟತನವನ್ನು ಚೌಕಿಯಲ್ಲಿ ಕಳಚಿಟ್ಟು ಬರುವರೆಂಬ ನಂಬಿಕೆ ನಮಗೂ ಅವರಿಗೂ ಸಮಾನವಾಗಿತ್ತು.

ರಿಯಾಲಿಟಿ ಷೋವಿನಲ್ಲಿ ಇಲ್ಲದುದು ಇದೊಂದೇ. ರಂಗವಿದೆ, ದೀಪವಿದೆ, ಪ್ರೇಕ್ಷಕರಿದ್ದಾರೆ, ಚೌಕಿಯಿಲ್ಲ. ವೇಷ ಕಟ್ಟುತ್ತಾರೆ, ಆದರೆ ಕಟ್ಟಿದುದು ವೇಷವಲ್ಲವೆಂದು ಸಾರುತ್ತಾರೆ. ವೇಷವೇ ಅಲ್ಲವೆಂದ ಮೇಲೆ ಕಳಚುವುದೆಲ್ಲಿ? ಬಿಗ್ ಬಾಸಿನ ಮನೆಯಲ್ಲಿ ಒರಟಾಗಿ ಮಾತನಾಡಿದವನನ್ನು ಹೊರಗೆ ಬಂದ ಮೇಲೂ ಒರಟನೆಂದೇ ಜನ ಬಯ್ಯುವರು. ಅವನ ಹೆಂಡತಿಮಕ್ಕಳಿಗೂ ಮೊಬೈಲಿನಲ್ಲಿ ಬಯ್ಗಳು ಬರುವುದನ್ನು ಕೇಳಿದ್ದೇವೆ. ನಾಯಕನ ಪಾಡೂ ಸುಲಭವಲ್ಲ. ಹನುಮಂತ ಅವರ ಸರಳತೆ ಅವರ ಸ್ವಭಾವವೇ ಎಂದು ನಾನು ನಂಬುತ್ತೇನೆ. ಆದರೆ ಮನುಷ್ಯನು ಬೆಳೆಯುವವನು. ನಾಳೆ ಅವರು ನಾಲ್ಕು ಊರು ಕಂಡು, ಬೇರೆ ಬಟ್ಟೆ ತೊಟ್ಟು, ಬೇರೆ ಮಾತನಾಡಿದರೆ, ‘ಹನುಮಂತ ಮೊದಲಿನ ಹಾಗಿಲ್ಲ’ ಎಂದು ವೋಟು ಹಾಕಿದವರೇ ಕೊರಗುವುದಿಲ್ಲವೇ? ರಾಮನ ವೇಷದವನು ಬೆಳಗ್ಗೆ ಬೀಡಿ ಸೇದಿದರೆ ನಾವು ಕ್ಷಮಿಸುತ್ತೇವೆ. ಇವರಿಗೆ ಆ ಕ್ಷಮೆಯೂ ಇಲ್ಲ.

ನಮ್ಮ ಅಲಂಕಾರಿಕರು ಸಾಧಾರಣೀಕರಣವೆಂಬ ಒಂದು ತತ್ತ್ವವನ್ನು ಹೇಳಿದ್ದಾರೆ. ರಂಗದ ಮೇಲಿನ ಸೀತೆಯ ದುಃಖ ಆ ಒಬ್ಬಳ ದುಃಖವಾಗಿ ಉಳಿಯದೆ, ನನ್ನದೂ ಅಲ್ಲದೆ ಪರರದೂ ಅಲ್ಲದೆ, ಎಲ್ಲರಿಗೂ ಸಾಧಾರಣವಾದ ಕರುಣರಸವಾಗುತ್ತದೆ. ಆದುದರಿಂದಲೇ ಲೋಹಿತಾಶ್ವನಿಗೆ ಬಟ್ಟೆಯಿಲ್ಲವೆಂದು ಯಾರೂ ಅಂಚೆಯಲ್ಲಿ ಬಟ್ಟೆ ಕಳುಹಿಸುವುದಿಲ್ಲ. ಇಲ್ಲಿ ಹಾಗಲ್ಲ. ಇಲ್ಲಿನ ದುಃಖಕ್ಕೆ ಹೆಸರುಂಟು, ಊರುಂಟು, ವಿಳಾಸವುಂಟು. ನೋಡಿದವರ ಕರುಣೆ ರಸವಾಗಿ ಕರಗದೆ ದಾನವಾಗಿ ಹೊರಡುತ್ತದೆ. ಕಲೆಯ ದೃಷ್ಟಿಯಿಂದ ಇದು ಕೊರತೆಯಾಗಬಹುದು. ಧರ್ಮದ ದೃಷ್ಟಿಯಿಂದ ಒಂದು ಹೆಚ್ಚಳವೇ ಸರಿ. ಆದರೆ ಆ ಕಾರಣದಿಂದಲೇ ಇಲ್ಲಿ ಆಡುವ ಸುಳ್ಳು ನಾಟಕದ ಸುಳ್ಳಿಗಿಂತ ನೂರುಪಾಲು ಕೆಟ್ಟುದು. ಅದು ಕಲ್ಪನೆಯಲ್ಲ, ಕೃತ್ರಿಮ. ನಾನು ಇವೆರಡನ್ನೂ ಒಂದೆಂದು ತಿಳಿದೆ, ಅಥವಾ ತಿಳಿದಂತೆ ನಟಿಸಿದೆ. ನನ್ನ ತಪ್ಪು ಅದು.

ಹಾಗಾದರೆ ಈ ಆಟಗಳಲ್ಲಿ ನಾಯಕರಿಗೆ ಕೆಲಸವೇನು? ಕೂಡದೆಂದು ಹೇಳಿದರೆ ಆಟಗಳು ನಿಲ್ಲುವುದಿಲ್ಲ. ನಿಲ್ಲಬೇಕೆಂದೂ ನಾನು ಹೇಳೆನು. ಆಯಿಯ ಕೊನೆಯ ವರ್ಷಗಳ ಸಂಜೆಗಳನ್ನು ಬೆಳಗಿದುದು ಅಂಥದೇ ಒಂದು ಆಟ. ಬಿಗ್ ಬಾಸಿನಲ್ಲಿ ಸುದೀಪರು ವಾರದ ಕೊನೆಗೆ ಬಂದು ಒಳಗಿನವರನ್ನು ವಿಚಾರಿಸುವುದನ್ನು ಮೊಮ್ಮಗನ ಬಲವಂತದಿಂದ ನಾಲ್ಕಾರು ಸಲ ನೋಡಿದೆ. ಎಲ್ಲರೂ ಅವರ ಮಾತಿಗೆ ಕಾದಿರುತ್ತಾರೆ. ನಮ್ಮ ನೆರೆಯವರು ಅದನ್ನು ಪಂಚಾಯಿತಿ ಎಂದೇ ಕರೆಯುವುದು. ಒಳಗಿನವರಿಗೆ ಗಡಿಯಾರವಿಲ್ಲ, ಫೋನಿಲ್ಲ, ಹೊರಗಿನ ಸುದ್ದಿಯಿಲ್ಲ. ತಮ್ಮ ಯಾವ ಮಾತನ್ನು ನಾಡಿಗೆ ತೋರಿಸಿದರು, ಯಾವುದನ್ನು ಕತ್ತರಿಸಿದರು ಎಂಬುದೂ ತಿಳಿಯದು. ಹೊರಗೆ ನಿಂತ ಈ ಒಬ್ಬರಿಗೆ ತಿಳಿದಿರುತ್ತದೆ. ಸಿನಿಮಾದ ನಾಯಕನಿಗೆ ಚೌಕಿಯುಂಟು. ಪಾತ್ರ ಬೇರೆ, ತಾನು ಬೇರೆ ಎಂಬ ಆಶ್ರಯ ಅವನಿಗಿದೆ. ಒಳಗಿನವರಿಗೆ ಅದಿಲ್ಲ. ಆದುದರಿಂದ ಚೌಕಿಯುಳ್ಳವನು ಚೌಕಿಯಿಲ್ಲದವರಿಗೆ ನೆರಳಾಗಬೇಕು. ತಪ್ಪು ಮಾಡಿದವನನ್ನು ತಿದ್ದುವಾಗ ಆ ತಪ್ಪೇ ಅವನ ಸ್ವರೂಪವಲ್ಲವೆಂದು ನೋಡುವವರಿಗೆ ಜ್ಞಾಪಿಸಬೇಕು. ಅಳುವವರ ಮುಂದೆ ಕ್ಯಾಮೆರಾ ನಿಂತೇ ಇದ್ದರೆ, ‘ಇಷ್ಟು ಸಾಕು’ ಎನ್ನಬೇಕು. ತನಗೆ ತೋರಿಸಿದ ಬಡತನ ನಿಜವೋ ಎಂದು ಕಣ್ಣೊರಸಿಕೊಳ್ಳುವ ಮೊದಲು ಒಮ್ಮೆ ವಿಚಾರಿಸಬೇಕು. ಧನಂಜಯನು ವಿನಯವನ್ನು ಮೊದಲಿಟ್ಟು ಶೌರ್ಯವನ್ನು ಹಿಂದಿಟ್ಟುದು ಸುಮ್ಮನೆ ಅಲ್ಲವೆಂದು ನನಗೆ ತೋರುತ್ತದೆ. ಅಲ್ಲಿ ಬೇಕಾದುದು ಗೆಲ್ಲುವ ಶೌರ್ಯವಲ್ಲ, ಕಾಯುವ ವಿನಯ.

ಇತರರಿಗೆ ಬುದ್ಧಿ ಹೇಳಿದುದಾಯಿತು. ನನ್ನ ಲೆಕ್ಕ ಉಳಿದಿದೆ. ಆ ವೃದ್ಧೆಗೆ ನಾನೊಂದು ಕಾಗದ ಬರೆದೆ. ಮಗುವಿನ ತಂದೆಗೆ ಉದ್ಯೋಗವಿದೆ, ಮನೆಯಲ್ಲಿ ಹಾಲಿಗೆ ಕೊರತೆಯಿಲ್ಲ, ತೋರಿಸಿದುದು ಸುಳ್ಳು, ಆ ಸುಳ್ಳಿಗೆ ಒಪ್ಪಿಗೆ ಕೊಟ್ಟವನು ನಾನು ಎಂದು ಸ್ಪಷ್ಟವಾಗಿ ತಿಳಿಸಿ, ಹಣವನ್ನೂ ಬಟ್ಟೆಯನ್ನೂ ಹಿಂದಕ್ಕೆ ಕಳುಹಿಸಿದೆ. ಅಂಚೆಗೆ ಹಾಕುವ ಮೊದಲು ಮಗುವಿನ ಮುಂದೆ ಅದನ್ನು ಓದಿದೆ. ಅವಳು ಏನೂ ಹೇಳಲಿಲ್ಲ. ತೋಟದ ಕೆಲಸದ ಹೆಂಗಸಿಗೆ ಅವಳ ತಾಯಿ ತಾನಾಗಿ ಹೋಗಿ, ತಪ್ಪಾಯಿತೆಂದಳು. ಆಕೆ, “ಇರಲಿ ಬಿಡಿ ಅಮ್ಮಾ” ಎಂದಳಂತೆ. ಆ ಮಾತಿನಲ್ಲಿ ಕ್ಷಮೆ ಎಷ್ಟು, ದಣಿವು ಎಷ್ಟು ಎಂಬುದು ನನಗೆ ಇಂದಿಗೂ ತಿಳಿಯದು.

ಎರಡು ವಾರಗಳ ಮೇಲೆ ಅದೇ ಬಟ್ಟೆಯ ಕಟ್ಟು ಮರಳಿ ಬಂದಿತು. ಅದರೊಳಗೆ ನಾಲ್ಕು ಸಾಲಿನ ಒಂದು ಚೀಟಿ. “ಹಣವನ್ನು ಇಟ್ಟುಕೊಂಡಿದ್ದೇನೆ, ಬೇಕಾದವರಿಗೆ ಕೊಡುತ್ತೇನೆ. ಬಟ್ಟೆಯನ್ನು ಬಡತನಕ್ಕೆಂದು ಕಳುಹಿಸಿದ್ದೆ. ಈಗ ಹಾಡಿಗೆಂದು ಕಳುಹಿಸಿದ್ದೇನೆ. ಹಾಡು ಸುಳ್ಳಲ್ಲವಷ್ಟೆ?”

ಮಗು ಆ ಚೀಟಿಯನ್ನು ಎರಡು ಸಲ ಓದಿ ಪುಸ್ತಕದಲ್ಲಿಟ್ಟುಕೊಂಡಳು. ಆ ವರ್ಷದ ನವರಾತ್ರಿಯಲ್ಲಿ, ಊರ ದೇವಸ್ಥಾನದಲ್ಲಿ, ಆ ಹೂವಿನ ಬಟ್ಟೆಯ ಲಂಗ ತೊಟ್ಟು ಒಂದು ಪದ ಹೇಳಿದಳು. ಮೊದಲ ಸಾಲಿನಲ್ಲಿ ದನಿ ಒಡೆಯಿತು. ನಿಲ್ಲಿಸಿ ಮತ್ತೆ ಪ್ರಾರಂಭಿಸಿದಳು. ಕೇಳಲು ಮೂವತ್ತು ಜನವಿದ್ದೆವು. ಯಾರೂ ಅಂಕ ಕೊಡಲಿಲ್ಲ.

ಇದೆಲ್ಲವನ್ನೂ ನಾನು ಮೊನ್ನೆ ಮೊಮ್ಮಗನಿಗೆ ಹೇಳಿದೆ. ಅವನು ಎದ್ದುಹೋಗಿ, ಅಂದು ಬರೆದುಕೊಂಡಿದ್ದ ನಾಯಕಗುಣಗಳ ಕಾಗದವನ್ನು ಹುಡುಕಿ ತಂದನು. ಬಯಲುಸೀಮೆಯ ಆ ಅಜ್ಜಿಯನ್ನು ಮನಸ್ಸಿನಲ್ಲಿಟ್ಟುಕೊಂಡು ವಿನಯ, ಮಾಧುರ್ಯ, ತ್ಯಾಗ, ಪ್ರಿಯವಚನ ಎಂದು ಒಂದೊಂದಕ್ಕೂ ಗುರುತು ಹಾಕುತ್ತ ಹೋದವನು ಒಂದು ಕಡೆ ನಿಂತನು. “ಅಜ್ಜಾ, ಇಲ್ಲಿ ಯೌವನ ಅಂತ ಇದೆ. ಇದಕ್ಕೇನು ಮಾಡುವುದು?” ಎಂದು ಕೇಳಿದನು.

ಧನಂಜಯನ ಮಾತನ್ನು ತಿದ್ದುವ ಯೋಗ್ಯತೆ ನನಗಿಲ್ಲ. ಆದರೂ ಅದೊಂದನ್ನು ಬಿಟ್ಟುಬಿಡಬಹುದೆಂದು ಹೇಳಿದೆ.